ಪರದೇಶದಲ್ಲಿ ಇಂಗ್ಲಿಷ್ ಪಾಠ: ಯಾರ ಕುರ್ಚಿ, ಯಾರ ಕೂಲಿ?

ಕೆಸರೆ, ಗಾಂಧಿನಗರ, ರಾಜೀವನಗರಗಳ ಓಣಿಗಳಲ್ಲಿ ಇಂದು ಬಿ.ಎ., ಬಿ.ಎಡ್. ಮುಗಿಸಿ ಮನೆಯಲ್ಲಿ ಕುಳಿತಿರುವ ಹುಡುಗ ಹುಡುಗಿಯರಿಗೆ ಕೊರತೆಯಿಲ್ಲ. ಅಪ್ಪ ಮಿಲ್ಲಿನ ಪಾಳಿಯಲ್ಲಿ ದುಡಿದು, ಅವ್ವ ಬೀಡಿ ಕಟ್ಟಿ, ಊದುಬತ್ತಿ ಹೊಸೆದು, ಇಲ್ಲವೆ ಮನೆಯ ಜಗುಲಿಯಲ್ಲೇ ಒಂದು ಸಣ್ಣ ಅಂಗಡಿ ಇಟ್ಟು ಓದಿಸಿದ ಮಕ್ಕಳು ಇವರು. ಇವರ ಫೋನಿಗೆ ಬೆಳಗಾದರೆ ಒಂದು ಜಾಹೀರಾತು ಬರುತ್ತದೆ. ಪರದೇಶದಲ್ಲಿ ಇಂಗ್ಲಿಷ್ ಕಲಿಸಲು ಉಪಾಧ್ಯಾಯರು ಬೇಕಾಗಿದ್ದಾರೆ, ವಸತಿ ಉಚಿತ, ಸಂಬಳ ಡಾಲರಿನಲ್ಲಿ ಎಂದು. ದೇಶದ ಹೆಸರು ದಿನಕ್ಕೊಂದು. ಥಾಯ್ಲೆಂಡ್, ವಿಯೆಟ್ನಾಂ, ಮಾಲ್ಡೀವ್ಸ್, ಒಮಾನ್, ಕತಾರ್. ತೋರಿಸುವ ಆಸೆ ಮಾತ್ರ ಒಂದೇ.

ಇಂಥ ಕರೆ ಬಂದಾಗ ಮನೆಯಲ್ಲಿ ಲೆಕ್ಕಾಚಾರ ನಡೆಯುತ್ತದೆ. ಸಂಬಳ ಎಷ್ಟು, ದಲ್ಲಾಳಿಗೆ ಎಷ್ಟು, ಒಡವೆ ಅಡವಿಡಬೇಕೋ, ಬಡ್ಡಿಗೆ ತರಬೇಕೋ ಎಂಬ ಮಾತುಗಳಾಗುತ್ತವೆ. ಆದರೆ ಯಾವ ಊರಿಗೆ, ಯಾರ ಶಾಲೆಗೆ, ಯಾರು ಕೂತಿದ್ದ ಕುರ್ಚಿಗೆ ಎಂಬ ಪ್ರಶ್ನೆ ಸಾಮಾನ್ಯವಾಗಿ ಏಳುವುದಿಲ್ಲ. ಅವೆಲ್ಲ ನೀತಿಯ ಮಾತು, ಹೊಟ್ಟೆ ತುಂಬಿದವರ ಮಾತು ಎಂದು ನಮ್ಮವರು ಬದಿಗಿಡುತ್ತಾರೆ. ನಾವು ಹಾಗೆ ಭಾವಿಸುವುದಿಲ್ಲ. ಪರದೇಶದಲ್ಲಿ ಎಲ್ಲಿ ಕಲಿಸಬೇಕು, ಎಲ್ಲಿ ಕಲಿಸಬಾರದು ಎಂಬುದು ದುಡಿಯುವ ವರ್ಗದ ಪ್ರಶ್ನೆಯೇ ಹೌದು. ಮಿಲ್ಲಿನ ಬಾಗಿಲಲ್ಲಿ ನಾವು ಹಿಂದಿನಿಂದಲೂ ಕಲಿತ ಪಾಠಗಳಿಂದಲೇ ಇದಕ್ಕೆ ಉತ್ತರ ಸಿಕ್ಕುತ್ತದೆ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹೊರಡುವವರನ್ನು ನಾವು ದೂರುವುದಿಲ್ಲ. ಊರು ಬಿಟ್ಟು ಹೋಗಿ ದುಡಿಯುವ ಹಕ್ಕು ಸಿರಿವಂತನ ಮಗನಿಗೆ ಎಷ್ಟಿದೆಯೋ ಬೀಡಿ ಕಟ್ಟುವವಳ ಮಗಳಿಗೂ ಅಷ್ಟೇ ಇದೆ. ಸಾಫ್ಟ್‌ವೇರ್ ಎಂಜಿನಿಯರು ಅಮೆರಿಕಕ್ಕೆ ಹೋದರೆ ಸಾಧನೆ, ಬಡ ಉಪಾಧ್ಯಾಯಿನಿ ಒಮಾನಿಗೆ ಹೋದರೆ ದೇಶದ್ರೋಹ ಎನ್ನುವ ನ್ಯಾಯ ನಮಗೆ ಬೇಡ. ಇವರನ್ನು ಹೊರಗೆ ನೂಕುತ್ತಿರುವವರು ಯಾರು? ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಐವತ್ತು ಸಾವಿರದ ಆಸುಪಾಸಿನ ಹುದ್ದೆಗಳಿಗೆ ಖಾಯಂ ಉಪಾಧ್ಯಾಯರಿಲ್ಲ. ಅಲ್ಲಿ ಪಾಠ ಹೇಳುತ್ತಿರುವವರು ಅತಿಥಿ ಶಿಕ್ಷಕರು. ಅತಿಥಿ ಎಂಬ ಹೆಸರೇನೋ ದೊಡ್ಡದು, ಕೈಗೆ ಸಿಕ್ಕುವುದು ತಿಂಗಳಿಗೆ ಹತ್ತು ಹನ್ನೆರಡು ಸಾವಿರ. ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ಬೇಸಿಗೆಯಲ್ಲಿ ಅತಿಥಿಗೆ ಊಟವಿಲ್ಲ. ಖಾಸಗಿ ಶಾಲೆಗಳಲ್ಲಿ ಇದಕ್ಕಿಂತ ಕಡಮೆಗೆ ದುಡಿಯುವವರೂ ಇದ್ದಾರೆ. ತನ್ನ ಉಪಾಧ್ಯಾಯರನ್ನು ಹೀಗೆ ಇಟ್ಟುಕೊಂಡಿರುವ ಸರ್ಕಾರಕ್ಕೆ, ಅವರು ಹೊರಟು ನಿಂತಾಗ ದೇಶಸೇವೆಯ ಉಪದೇಶ ಮಾಡುವ ಅಧಿಕಾರವಿಲ್ಲ.

ಹೋಗುವ ಹಕ್ಕು ಇದೆ ಎಂದ ಮಾತ್ರಕ್ಕೆ ಎಲ್ಲಿಗೆ ಹೋದರೂ ಒಂದೇ ಎಂದಲ್ಲ. ಸಣ್ಣ ವ್ಯಾಪಾರಿಗೆ ವ್ಯಾಪಾರದ ಹಕ್ಕು ಉಂಟು. ಆದರೆ ಕಳವಿನ ಮಾಲು ಎಂದು ಗೊತ್ತಿದ್ದೂ ಕೊಂಡರೆ ಅದನ್ನು ವ್ಯಾಪಾರ ಎನ್ನುವರೆ? ಕೆಲಸಗಾರನಿಗೆ ದುಡಿಮೆಯ ಹಕ್ಕು ಉಂಟು. ಆದರೆ ಮುಷ್ಕರ ಹೂಡಿದವನ ಮಗ್ಗಕ್ಕೆ ಕೈ ಹಚ್ಚಿದವನನ್ನು ಬೀದಿಯಲ್ಲಿ ಯಾರು ಮಾತನಾಡಿಸುತ್ತಾರೆ? ಉಪಾಧ್ಯಾಯರೂ ಕೆಲಸಗಾರರೇ. ಸೀಮೆಸುಣ್ಣ ಹಿಡಿದ ಮಾತ್ರಕ್ಕೆ ಕೂಲಿಯ ನೀತಿ ಅವರಿಗೆ ಬೇರೆಯಾಗುವುದಿಲ್ಲ. ಆದಕಾರಣ ನಾವು ನಾಲ್ಕು ಪ್ರಶ್ನೆಗಳನ್ನು ಮುಂದಿಡುತ್ತೇವೆ. ಕರಾರಿಗೆ ಸಹಿ ಹಾಕುವ ಮುನ್ನ ಪ್ರತಿ ಮನೆಯೂ ಇವನ್ನು ಕೇಳಿಕೊಳ್ಳಲಿ.

ಒಂದನೆಯದು, ಆ ಕುರ್ಚಿ ಯಾರದು?

ಖಾಲಿ ಇರುವ ಜಾಗ ಎರಡು ಬಗೆ. ಯಾರೂ ಇಲ್ಲದೆ ಖಾಲಿ ಇರುವುದು ಒಂದು. ಇದ್ದವರನ್ನು ಎಬ್ಬಿಸಿ ಖಾಲಿ ಮಾಡಿದ್ದು ಮತ್ತೊಂದು. ನಮ್ಮ ನೆರೆಯ ಮ್ಯಾನ್ಮಾರನ್ನು ನೋಡಿ. 2021ರ ಫೆಬ್ರವರಿ 1ರಂದು ಅಲ್ಲಿನ ಸೇನೆ ಚುನಾಯಿತ ಸರ್ಕಾರವನ್ನು ಕಿತ್ತು ಅಧಿಕಾರ ಹಿಡಿಯಿತು. ಸೇನೆಯ ಕೆಳಗೆ ಕೆಲಸ ಮಾಡೆವು ಎಂದು ವೈದ್ಯರು, ರೈಲ್ವೆಯವರು, ಉಪಾಧ್ಯಾಯರು ಅಸಹಕಾರ ಹೂಡಿದರು. ಅಲ್ಲಿನ ಶಿಕ್ಷಕರ ಒಕ್ಕೂಟದ ಲೆಕ್ಕದಂತೆ ಅದೇ ವರ್ಷದ ಮೇ ಹೊತ್ತಿಗೆ 1,25,000ಕ್ಕೂ ಹೆಚ್ಚು ಶಾಲಾ ಶಿಕ್ಷಕರು ಅಮಾನತಾಗಿದ್ದರು. ಹೀಗೆ ಖಾಲಿಯಾದ ಕುರ್ಚಿಯಲ್ಲಿ ಕೂತು ಪಾಠ ಹೇಳಲು ಯಾರಾದರೂ ನಮ್ಮ ಹುಡುಗಿಯನ್ನು ಕರೆದರೆ ಏನು ಹೇಳಬೇಕು? ಸಂಬಳ ಎಷ್ಟೇ ಇರಲಿ, ಅದು ಮುಷ್ಕರ ಮುರಿಯುವ ಕೂಲಿ.

ಇದು ನಮಗೆ ಪುಸ್ತಕದಿಂದ ಬಂದ ತಿಳಿವಲ್ಲ. 1974ರ ಮೇ ತಿಂಗಳಲ್ಲಿ ಜಾರ್ಜ್ ಫರ್ನಾಂಡಿಸರ ನಾಯಕತ್ವದಲ್ಲಿ ದೇಶದ ರೈಲ್ವೆ ಕಾರ್ಮಿಕರು ಇಪ್ಪತ್ತು ದಿನ ಮುಷ್ಕರ ಹೂಡಿದಾಗ, ಸರ್ಕಾರ ಟೆರಿಟೋರಿಯಲ್ ಸೇನೆಯವರನ್ನು ತಂದು ಗಾಡಿ ಓಡಿಸಲು ನೋಡಿತು. ಸಾವಿರಾರು ಮಂದಿ ಜೈಲು ಸೇರಿದರು, ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಆ ಕಾಲವನ್ನು ಕಂಡ ಮನೆಗಳಿಗೆ ಬೇರೆಯವರ ಜಾಗದಲ್ಲಿ ನಿಲ್ಲುವುದೆಂದರೇನು ಎಂದು ವಿವರಿಸಬೇಕಾಗಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಇಥಿಯೋಪಿಯವನ್ನು 1936ರಿಂದ 1941ರವರೆಗೆ ಇಟಲಿಯ ಫ್ಯಾಸಿಸ್ಟರು ಆಳಿದರು. ಆ ಅವಧಿಯಲ್ಲಿ ಓದು ಬಲ್ಲ ಇಥಿಯೋಪಿಯನ್ನರನ್ನು ಹುಡುಕಿ ಕೊಂದರು. ಅವರು ತೊಲಗಿದ ಮೇಲೆ ಶಾಲೆ ತೆರೆಯಬೇಕಾಯಿತು; ಕಲಿಸುವವರೇ ಇರಲಿಲ್ಲ. ಪ್ರೌಢ ಶಾಲೆಗಳಲ್ಲಿ ಇಂಗ್ಲಿಷ್ ಪಾಠ ಹೇಳಲು ಭಾರತದಿಂದ ಸಾವಿರಾರು ಉಪಾಧ್ಯಾಯರು ಹೋದರು. ಹಳ್ಳಿಗಾಡಿನ ಶಾಲೆಗಳಲ್ಲಿ ವರ್ಷಗಟ್ಟಲೆ ಇದ್ದು ಕಲಿಸಿದರು. ಅವರು ಯಾರನ್ನೂ ಎಬ್ಬಿಸಿ ಕೂತವರಲ್ಲ. ಆ ಕುರ್ಚಿ ನಿಜಕ್ಕೂ ಖಾಲಿ ಇತ್ತು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಇಥಿಯೋಪಿಯದಲ್ಲಿ ಆಗ ಇದ್ದದ್ದು ಹೈಲೆ ಸೆಲಾಸಿ ಚಕ್ರವರ್ತಿಯ ಆಳ್ವಿಕೆ. ಭೂಮಿ ಒಡೆಯರ ಕೈಯಲ್ಲಿ, ರೈತ ಗೇಣಿಯ ಭಾರದಡಿಯಲ್ಲಿ. 1973ರಲ್ಲಿ ವೊಲ್ಲೋ ಪ್ರಾಂತದಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರೆ ಅರಮನೆ ಸುದ್ದಿಯನ್ನೇ ಮುಚ್ಚಿಟ್ಟಿತು. ಅಂಥ ರಾಜನ ಶಾಲೆಯಲ್ಲಿ ಕಲಿಸಿದ್ದು ತಪ್ಪಲ್ಲವೆ ಎಂದು ಕೇಳಬಹುದು. ತಪ್ಪಲ್ಲ ಎಂದೇ ನಮ್ಮ ಅಭಿಪ್ರಾಯ. ಆ ಶಾಲೆಗಳಲ್ಲಿ ಕಲಿತ ಪೀಳಿಗೆಯೇ 1965ರಲ್ಲಿ ಅಡ್ಡಿಸ್ ಅಬಾಬಾದ ಬೀದಿಗಿಳಿದು ಉಳುವವನಿಗೆ ಭೂಮಿ ಕೊಡಿ ಎಂದು ಕೂಗಿತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ನಮ್ಮ ಗೇಣಿದಾರರು ಎತ್ತಿದ ಕೂಗೂ ಅದೇ. 1974ರಲ್ಲಿ ಚಕ್ರವರ್ತಿ ಪದಚ್ಯುತನಾದ. ಅನಂತರ ಬಂದ ಸೇನಾ ಆಡಳಿತ ಅದೇ ವಿದ್ಯಾರ್ಥಿಗಳ ರಕ್ತ ಹರಿಸಿದ್ದು ಬೇರೆಯೇ ದುಃಖದ ಕಥೆ. ಉಪಾಧ್ಯಾಯ ಅಕ್ಷರ ಕೊಡುತ್ತಾನೆ. ಅದರಿಂದ ಏನು ಬರೆಯಬೇಕು ಎಂಬುದನ್ನು ಆ ನಾಡಿನ ಮಕ್ಕಳು ತೀರ್ಮಾನಿಸುತ್ತಾರೆ.

ಆದ್ದರಿಂದ ಕೆಟ್ಟ ಸರ್ಕಾರವಿರುವ ದೇಶಕ್ಕೆ ಹೋಗಲೇಬಾರದು ಎಂಬ ಕಟ್ಟಳೆಯನ್ನು ನಾವು ಹಾಕುವುದಿಲ್ಲ. ಹಾಗೆ ಹಾಕಹೊರಟರೆ ಕಾಲಿಡಲು ಎಷ್ಟು ದೇಶ ಉಳಿದಾವು? ತೂಗಿ ನೋಡಬೇಕಾದದ್ದು ಬಾವುಟವನ್ನಲ್ಲ, ಆ ಕೆಲಸವನ್ನು. ದೇಶ ಒಂದೇ ಆಗಿದ್ದರೂ ಬಡ ಮಕ್ಕಳ ಶಾಲೆಯಲ್ಲಿ ಪಾಠ ಹೇಳುವುದು ಒಂದು, ಜನರನ್ನು ಅಡಗಿಸುವ ಪಡೆಯ ಅಧಿಕಾರಿಗಳಿಗೆ ಇಂಗ್ಲಿಷ್ ತರಬೇತಿ ಕೊಡುವುದು ಇನ್ನೊಂದು.

ಎರಡನೆಯದು, ಇಂಗ್ಲಿಷ್ ಒಳಗೆ ಬಂದಾಗ ಹೊರಗೆ ಹೋಗುವ ನುಡಿ ಯಾವುದು?

ಇಂಗ್ಲಿಷನ್ನು ಉಪಕರಣವಾಗಿ ಕಲಿಯುವುದಕ್ಕೆ ನಮ್ಮ ಅಡ್ಡಿಯಿಲ್ಲ. ಅದನ್ನು ಸಿಂಹಾಸನದಲ್ಲಿ ಕೂರಿಸಿ ತಾಯ್ನುಡಿಯನ್ನು ಬಾಗಿಲ ಹೊರಗೆ ನಿಲ್ಲಿಸುವುದಕ್ಕೆ ಅಡ್ಡಿಯಿದೆ. 1835ರಲ್ಲಿ ಮೆಕಾಲೆ ಬರೆದ ಟಿಪ್ಪಣಿಯ ಫಲವನ್ನು ನಾವು ಉಂಡಿದ್ದೇವೆ. ಕಚೇರಿಯ ಕಾಗದ ಓದಿಸಿಕೊಳ್ಳಲು ಕಂಡವರ ಕಾಲು ಹಿಡಿಯಬೇಕಾಗಿ ಬಂದ ರೈತನ ಸಂಕಟ ನಮಗೆ ಗೊತ್ತು. ಅದೇ ಸಂಕಟವನ್ನು ಇನ್ನೊಂದು ನಾಡಿನ ಮಕ್ಕಳ ಮೇಲೆ ಹೇರುವ ಕೆಲಸಕ್ಕೆ ನಾವು ಕೈಯಾಳಾಗಬಹುದೆ?

ಭೂತಾನದ ಉದಾಹರಣೆ ವಿಚಾರಕ್ಕೆ ಯೋಗ್ಯವಾದದ್ದು. 1960ರ ದಶಕದಲ್ಲಿ ಆ ದೇಶ ಇಂಗ್ಲಿಷ್ ಮಾಧ್ಯಮದ ಶಾಲೆಗಳನ್ನು ಕಟ್ಟಿದಾಗ ಕಲಿಸಲು ಹೋದವರಲ್ಲಿ ಬಹುಮಂದಿ ಭಾರತದವರು. ಮಂಜು ಸುರಿಯುವ ಗುಡ್ಡಗಾಡುಗಳಲ್ಲಿ ಇದ್ದು ಅವರು ಮಾಡಿದ ಕೆಲಸ ದೊಡ್ಡದು. ಆದರೆ 1989ರಲ್ಲಿ ಅಲ್ಲಿನ ಸರ್ಕಾರ ಶಾಲೆಗಳಿಂದ ನೇಪಾಳಿ ಭಾಷೆಯನ್ನು ತೆಗೆದುಹಾಕಿತು. ಮುಂದಿನ ವರ್ಷಗಳಲ್ಲಿ ನೇಪಾಳಿ ಮಾತಾಡುವ ಸುಮಾರು ಒಂದು ಲಕ್ಷ ಜನ ದೇಶ ಬಿಟ್ಟು ಪೂರ್ವ ನೇಪಾಳದ ಶಿಬಿರಗಳಲ್ಲಿ ಬಾಳಬೇಕಾಯಿತು. ಅಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಭಾರತದ ಮೇಷ್ಟರು ಈ ನೀತಿಯನ್ನು ಮಾಡಿದವರಲ್ಲ, ನಿಜ. ಆದರೆ ಪಕ್ಕದ ಕೋಣೆಯಲ್ಲಿ ಒಂದು ಭಾಷೆಯ ಪುಸ್ತಕಗಳನ್ನು ಕಟ್ಟಿ ಹೊರಗಿಡುತ್ತಿರುವಾಗ ನಮ್ಮ ಕೋಣೆಯ ಪಾಠ ಚೆನ್ನಾಗಿ ನಡೆಯುತ್ತಿದೆ ಎಂದು ಸುಮ್ಮನಿರುವುದು ಎಷ್ಟು ಸರಿ ಎಂದು ಕೇಳಿಕೊಳ್ಳಲೇಬೇಕಾಗುತ್ತದೆ.

ಇದು ಎಲ್ಲೋ ಹಿಮಾಲಯದ ಕಥೆ ಎನ್ನುವವರು ಕಾಸರಗೋಡಿನ ಕಡೆ ತಿರುಗಿ ನೋಡಲಿ. ಅಲ್ಲಿನ ಕನ್ನಡ ಮಾಧ್ಯಮದ ಶಾಲೆಗಳಿಗೆ ಕನ್ನಡ ಬಾರದ ಉಪಾಧ್ಯಾಯರನ್ನು ನೇಮಿಸಿದಾಗ ಮಕ್ಕಳೂ ತಾಯಿತಂದೆಯರೂ ಪ್ರತಿಭಟನೆಗೆ ಇಳಿದರು. ಆ ಉಪಾಧ್ಯಾಯರು ಕೆಟ್ಟವರೆಂದಲ್ಲ. ಅವರೂ ಹೊಟ್ಟೆಪಾಡಿಗೆ ಬಂದವರೇ. ಆದರೆ ಅವರು ಕೂತದ್ದರಿಂದ ಒಂದು ಮಗುವಿನ ಮಾತು ತರಗತಿಯಲ್ಲಿ ಮೂಕವಾಯಿತು. ಕಾಸರಗೋಡಿನ ಮಕ್ಕಳ ಪರವಾಗಿ ದನಿ ಎತ್ತುವ ನಾವು, ಪರದೇಶದಲ್ಲಿ ಆ ಉಪಾಧ್ಯಾಯರ ಜಾಗದಲ್ಲಿ ನಾವೇ ನಿಂತಾಗ ಬೇರೆ ನ್ಯಾಯ ಹೇಳಲಾಗದು.

ಇದರ ಅರ್ಥ ಹೋಗಬಾರದೆಂದಲ್ಲ. ಹೋಗುವವರು ಮೊದಲ ವರ್ಷದಲ್ಲೇ ಅಲ್ಲಿನ ಮಕ್ಕಳ ಮಾತನ್ನು ನಾಲ್ಕಾರು ನೂರು ಪದವಾದರೂ ಕಲಿಯಲಿ. ಮನೆಮಾತು ಆಡಿದ ಮಗುವಿಗೆ ದಂಡ ಹಾಕುವ ಶಾಲೆಯಾದರೆ ಆ ದಂಡವನ್ನು ತಮ್ಮ ಕೈಯಿಂದ ಹಾಕದಿರಲಿ. ಇಷ್ಟು ಮಾಡಿದರೂ ದೊಡ್ಡ ಮಾತು.

ಮೂರನೆಯದು, ಕೂಲಿ ಕೆಲಸಕ್ಕೋ, ಪಾಸ್‌ಪೋರ್ಟಿನ ಬಣ್ಣಕ್ಕೋ?

ಪ್ರಪಂಚದ ಇಂಗ್ಲಿಷ್ ಮಾರುಕಟ್ಟೆಯಲ್ಲಿ ಒಂದು ಜಾತಿಪದ್ಧತಿ ಇದೆ. ದಕ್ಷಿಣ ಕೊರಿಯ ಇಂಗ್ಲಿಷ್ ಸಂಭಾಷಣೆ ಕಲಿಸುವವರಿಗೆ ಕೊಡುವ ವೀಸಾವನ್ನು ಬಹುಕಾಲದಿಂದ ಏಳು ದೇಶದವರಿಗೆ ಮೀಸಲಿಟ್ಟಿದೆ. ಅಮೆರಿಕ, ಬ್ರಿಟನ್, ಕೆನಡ, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ ಇವೇ ಆ ಏಳು. 2010ರಲ್ಲಿ ಜಾರಿಗೆ ಬಂದ ಆರ್ಥಿಕ ಒಪ್ಪಂದದಿಂದ ತರಬೇತಿ ಪಡೆದ ಭಾರತೀಯ ಉಪಾಧ್ಯಾಯರಿಗೆ ಅಲ್ಲಿ ಒಂದು ಕಿಂಡಿ ತೆರೆಯಿತು, ಅದೂ ಸಹಾಯಕ ಉಪಾಧ್ಯಾಯರಾಗಿ. ಆಗ್ನೇಯ ಏಷ್ಯದ ಹಲವು ಖಾಸಗಿ ಶಾಲೆಗಳಲ್ಲಿ ಬಿಳಿಯ ಮುಖಕ್ಕೆ ಒಂದು ಸಂಬಳ, ಫಿಲಿಪೀನ್ಸಿನವರಿಗೂ ಭಾರತದವರಿಗೂ ಮತ್ತೊಂದು ಸಂಬಳ ಎಂಬುದು ಗುಟ್ಟೇನಲ್ಲ. ಮೊದಲಿನವರಿಗೆ ಉಪಾಧ್ಯಾಯ ತರಬೇತಿ ಇರಲೇಬೇಕೆಂದಿಲ್ಲ; ನಮ್ಮವರಿಗೆ ಬಿ.ಎಡ್. ಇದ್ದರೂ ಸಾಲದು.

ನಮ್ಮ ಊರಿನವರು ಇದನ್ನು ಕೇಳಿ ಕುಗ್ಗಬೇಕಾಗಿಲ್ಲ. 1963ರಲ್ಲಿ ಮೈಸೂರಿನಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಕಾಲೇಜು ಈಗಲೂ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಎಂಬ ಹೆಸರಿನಲ್ಲಿ ದಕ್ಷಿಣ ಭಾರತಕ್ಕೆ ಉಪಾಧ್ಯಾಯರನ್ನು ತಯಾರು ಮಾಡುತ್ತಿದೆ. ಅದೇ ವರ್ಷ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಹುಟ್ಟಿತು. ಮನೆಯಲ್ಲಿ ಇಂಗ್ಲಿಷಿನ ಗಾಳಿಯೂ ಸೋಕದ ಮಗುವಿಗೆ ಅದನ್ನು ಹೇಗೆ ಕಲಿಸಬೇಕೆಂಬ ವಿದ್ಯೆ ನಮ್ಮಲ್ಲಿ ಎರಡು ತಲೆಮಾರಿನಿಂದ ಬೆಳೆದಿದೆ. ತಾನೇ ಎಡವಿ ಎಡವಿ ಇಂಗ್ಲಿಷ್ ಕಲಿತವನಿಗೆ ಮಗು ಎಲ್ಲಿ ಎಡವುತ್ತದೆ ಎಂಬುದು ಗೊತ್ತಿರುತ್ತದೆ. ಇದು ಹುಟ್ಟು ಇಂಗ್ಲಿಷಿನವನಿಗೆ ಸುಲಭವಾಗಿ ಬಾರದ ಜ್ಞಾನ.

ಇಷ್ಟಾದರೂ ಅರ್ಧ ಕೂಲಿಗೆ ಒಪ್ಪಿ ಹೋಗುವವರು ಬಹಳ ಮಂದಿ. ಇಲ್ಲಿನ ಹನ್ನೆರಡು ಸಾವಿರಕ್ಕಿಂತ ಅಲ್ಲಿನ ಅರ್ಧವೂ ಮೇಲಲ್ಲವೆ ಎಂಬುದು ಅವರ ವಾದ. ಈ ವಾದಕ್ಕೆ ನಾವು ಕಿವುಡರಲ್ಲ. ಆದರೆ ಮಿಲ್ಲಿನವರಿಗೆ ಇನ್ನೊಂದು ಅನುಭವವೂ ಇದೆ. ಕಂಟ್ರಾಕ್ಟ್ ಕೂಲಿಯವನು ಕಡಮೆ ದರಕ್ಕೆ ಒಪ್ಪಿ ಒಳಗೆ ಬಂದಾಗ ಖಾಯಂ ಕೆಲಸಗಾರನ ದರವೂ ಇಳಿಯುತ್ತದೆ. ಕೊನೆಗೆ ಇಬ್ಬರೂ ಬೀದಿಗೆ ಬರುತ್ತಾರೆ. ನಾವು ಅರ್ಧಕ್ಕೆ ಒಪ್ಪಿದರೆ ಆ ದೇಶದ ಸ್ವಂತ ಉಪಾಧ್ಯಾಯರು ನಾಳೆ ಕೇಳಬಹುದಾದ ಪೂರ್ತಿ ಕೂಲಿಗೂ ಕತ್ತರಿ ಬೀಳುತ್ತದೆ. ಸಮಾನ ಕೆಲಸಕ್ಕೆ ಸಮಾನ ವೇತನ ಎಂದು ನಮ್ಮ ಸಂವಿಧಾನದ 39ನೇ ವಿಧಿ ಹೆಂಗಸರು ಗಂಡಸರ ವಿಷಯದಲ್ಲಿ ಹೇಳುತ್ತದೆ. ಆ ತತ್ವ ಗಡಿ ದಾಟಿದ ಕೂಡಲೇ ಸುಳ್ಳಾಗುವುದಿಲ್ಲ. ಹೋಗುವವರು ಕೇಳಲಿ: ಇದೇ ಶಾಲೆಯಲ್ಲಿ ಇದೇ ತರಗತಿಗೆ ಪಾಠ ಹೇಳುವ ಇತರರಿಗೆ ಎಷ್ಟು, ಈ ಊರಿನ ಉಪಾಧ್ಯಾಯರಿಗೆ ಎಷ್ಟು? ಉತ್ತರ ಕೊಡಲು ಹಿಂಜರಿಯುವ ಶಾಲೆಯಲ್ಲಿ ಏನೋ ಕೊಳೆತಿದೆ ಎಂದು ತಿಳಿಯಬೇಕು.

ನಾಲ್ಕನೆಯದು, ಬೇಡವೆನಿಸಿದಾಗ ಹೊರಗೆ ಬರಬಹುದೆ?

ಜೀತಕ್ಕೂ ಕೂಲಿಗೂ ಇರುವ ವ್ಯತ್ಯಾಸ ಒಂದೇ. ಕೂಲಿಯವನು ಬಿಟ್ಟು ಹೋಗಬಲ್ಲ, ಜೀತದವನು ಹೋಗಲಾರ. ಗಲ್ಫ್ ದೇಶಗಳಲ್ಲಿ ಕಫಾಲ ಎಂಬ ಪದ್ಧತಿ ಬಹುಕಾಲ ನಡೆಯಿತು. ಹೊರಗಿನಿಂದ ಬಂದ ದುಡಿಮೆಗಾರನ ವಾಸದ ಪರವಾನಗಿ ಮಾಲೀಕನ ಕೈಯಲ್ಲಿ. ಮಾಲೀಕ ಒಪ್ಪದೆ ಕೆಲಸ ಬದಲಾಯಿಸುವಂತಿಲ್ಲ. ಕತಾರ್ 2020ರಲ್ಲಿ ಕಾನೂನು ತಿದ್ದಿ, ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಾಯಿಸಬಹುದು ಎಂದು ಮಾಡಿತು, ಕನಿಷ್ಠ ವೇತನವನ್ನೂ ಗೊತ್ತುಮಾಡಿತು. ಇದು ಸ್ವಾಗತಾರ್ಹ. ಆದರೆ ಕಾನೂನಿನ ಹಾಳೆಯಲ್ಲಿರುವುದು ಕೆಲಸದ ಜಾಗಕ್ಕೆ ತಲಪುವುದು ತಡ ಎಂಬುದನ್ನು ಕಾರ್ಮಿಕರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಗಾರೆ ಕೆಲಸದವನ ಪಾಸ್‌ಪೋರ್ಟನ್ನು ಕಸಿದಿಟ್ಟುಕೊಳ್ಳುವ ಮಾಲೀಕ ಉಪಾಧ್ಯಾಯಿನಿಯ ಪಾಸ್‌ಪೋರ್ಟಿಗೆ ಮರ್ಯಾದೆ ತೋರಿಸುತ್ತಾನೆಂಬ ಭರವಸೆಯೇನೂ ಇಲ್ಲ.

ಇದಕ್ಕಿಂತ ಘೋರವಾದ ಬಲೆಯೂ ಇದೆ. ಥಾಯ್ಲೆಂಡಿನಲ್ಲಿ ಒಳ್ಳೆಯ ಕೆಲಸ ಎಂದು ಕರೆಸಿಕೊಂಡು, ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಾಡಿ ಕಡೆಯ ಬೇಲಿ ಹಾಕಿದ ಕಟ್ಟಡಗಳಲ್ಲಿ ಕೂಡಿಹಾಕಿ, ಫೋನಿನ ಮೂಲಕ ಜನರನ್ನು ವಂಚಿಸುವ ಕೆಲಸಕ್ಕೆ ಹಚ್ಚುವ ಜಾಲದ ಬಗ್ಗೆ ಭಾರತ ಸರ್ಕಾರ 2022ರ ಸೆಪ್ಟೆಂಬರಿನಲ್ಲೇ ಎಚ್ಚರಿಕೆ ಕೊಟ್ಟಿತು. 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನಗಳಲ್ಲಿ 549 ಮಂದಿ ಭಾರತೀಯರನ್ನು ಅಲ್ಲಿಂದ ಬಿಡಿಸಿ ತರಲಾಯಿತು. ಇಂಗ್ಲಿಷ್ ಬಲ್ಲ, ಕಂಪ್ಯೂಟರ್ ಬಲ್ಲ ಯುವಕರೇ ಆ ಬಲೆಗೆ ಬೇಕಾದ ಮೀನು. ಉಪಾಧ್ಯಾಯ ಕೆಲಸದ ಹೆಸರಿನಲ್ಲಿ ಕರೆ ಬಂದಾಗಲೂ ಶಾಲೆ ನಿಜವಾಗಿ ಇದೆಯೆ, ವೀಸಾ ಪ್ರವಾಸಿಯದೋ ಕೆಲಸದ್ದೋ ಎಂಬುದನ್ನು ನೋಡದೆ ಹೊರಡಬಾರದು. ಪ್ರವಾಸಿ ವೀಸಾದ ಮೇಲೆ ಬನ್ನಿ, ಅಲ್ಲಿ ಬದಲಾಯಿಸೋಣ ಎಂದವನ ಮಾತು ಕಿವಿಗೆ ಬಿದ್ದ ಕ್ಷಣವೇ ಬಾಗಿಲು ಮುಚ್ಚುವುದು ಲೇಸು.

ನಮ್ಮ ಕಾನೂನಿನಲ್ಲೇ ಒಂದು ದೊಡ್ಡ ರಂಧ್ರವಿದೆ. 1983ರ ವಲಸೆ ಕಾಯಿದೆಯ ವ್ಯವಸ್ಥೆಯಲ್ಲಿ ಹತ್ತನೇ ತರಗತಿ ಮುಗಿಸದವರ ಪಾಸ್‌ಪೋರ್ಟಿಗೆ ವಲಸೆ ತಪಾಸಣೆಯ ಗುರುತು ಬೀಳುತ್ತದೆ. ಗಲ್ಫ್ ಮುಂತಾದ ದೇಶಗಳಿಗೆ ಅವರು ಕೆಲಸಕ್ಕೆ ಹೋಗುವಾಗ ಅಧಿಕಾರಿ ಕರಾರು ನೋಡಿ ಅನುಮತಿ ಕೊಡಬೇಕು. ಹತ್ತನೇ ತರಗತಿ ಮುಗಿಸಿದವರಿಗೆ ಈ ತಪಾಸಣೆ ಇಲ್ಲ. ಓದಿದವರು ತಮ್ಮ ಕ್ಷೇಮ ತಾವೇ ನೋಡಿಕೊಳ್ಳುತ್ತಾರೆಂದು ಸರ್ಕಾರದ ಎಣಿಕೆ. ಪರಿಣಾಮವಾಗಿ ಬಿ.ಎಡ್. ಮಾಡಿದ ಹುಡುಗಿಯ ಕರಾರನ್ನು ಓದಿ ನೋಡುವ ಅಧಿಕಾರಿಯೇ ಇಲ್ಲ. ಉಳಿಯುವವನು ದಲ್ಲಾಳಿ ಒಬ್ಬನೇ. ಪರವಾನಗಿ ಪಡೆದ ಏಜೆಂಟನು ಸೇವಾಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಪಡೆಯಬಾರದೆಂದು ನಿಯಮ ಹೇಳುತ್ತದೆ. ಲಕ್ಷಗಳಲ್ಲಿ ಮಾತಾಡುವವನು ನಿಯಮದ ಹೊರಗೆ ನಿಂತವನು. ಅವನಿಗೆ ಕೊಡಲು ತಂದ ಬಡ್ಡಿ ಸಾಲವೇ ಮುಂದೆ ಬೀಗವಾಗುತ್ತದೆ. ಬಾಗಿಲು ತೆರೆದಿದ್ದರೂ ಸಾಲ ತೀರುವವರೆಗೆ ಆ ಹುಡುಗಿ ಹೊರಗೆ ಬರಲಾರಳು. ಜಾಮೀನು ನಿಂತ ಅಂಗಡಿಯವರೂ ಆ ಬೀಗದ ಒಳಗೆ ಸಿಕ್ಕುತ್ತಾರೆ. ಸಾಲಪತ್ರಕ್ಕೆ ಸಹಿ ಹಾಕುವ ಸಣ್ಣ ವ್ಯಾಪಾರಿಗಳು ಇದನ್ನು ನೆನಪಿಡಲಿ.

ಈ ನಾಲ್ಕು ಪ್ರಶ್ನೆಗಳನ್ನು ಒಂದೇ ಮಾತಿನಲ್ಲಿ ಕೇಳುವ ದಾರಿಯೂ ಉಂಟು. ಇದೇ ಕೆಲಸವನ್ನು ಪರದೇಶದವನೊಬ್ಬ ಕೆಸರೆಯ ಶಾಲೆಗೆ ಬಂದು ಮಾಡಿದರೆ ನಾವು ಒಪ್ಪುತ್ತೇವೆಯೆ? ನಮ್ಮ ಅತಿಥಿ ಶಿಕ್ಷಕಿಯನ್ನು ಮನೆಗೆ ಕಳಿಸಿ ಆ ಜಾಗದಲ್ಲಿ ಅವನನ್ನು ಕೂರಿಸಿದರೆ? ನಮ್ಮ ಮಕ್ಕಳಿಗೆ ಕನ್ನಡವಾಗಲಿ ಉರ್ದುವಾಗಲಿ ಆಡಬೇಡಿರೆಂದು ಅವನು ಗದರಿದರೆ? ಎರಡು ವಾರ ಇದ್ದು, ಮಕ್ಕಳನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಂಡು ಹೊರಟುಹೋದರೆ? ಇಂದು ಹಣ ಕಟ್ಟಿ ಹೀಗೆ ಬಡ ದೇಶಗಳ ಶಾಲೆಗಳಿಗೆ ಬಂದು ಹೋಗುವುದು ಶ್ರೀಮಂತ ದೇಶಗಳಲ್ಲಿ ಒಂದು ವ್ಯಾಪಾರವೇ ಆಗಿದೆ. 1961ರಿಂದ 1976ರವರೆಗೆ ಅಮೆರಿಕದ ಶಾಂತಿದಳದ ಯುವಕರು ಭಾರತದಲ್ಲಿ ಇದ್ದರು. ಅವರನ್ನು ಕಳಿಸಿದ ಸರ್ಕಾರಕ್ಕೆ ಶೀತಲ ಸಮರದ ಲೆಕ್ಕಾಚಾರವಿದ್ದಿತು, ಸರಿ. ಆದರೂ ಅವರು ಎರಡು ವರ್ಷ ನಿಲ್ಲುತ್ತಿದ್ದರು, ಹಳ್ಳಿಯ ಮಾತು ಕಲಿಯುತ್ತಿದ್ದರು. ಎರಡು ವಾರದ ಮೇಷ್ಟರಿಗೆ ಮಕ್ಕಳ ಹೆಸರು ನೆನಪಾಗುವ ಹೊತ್ತಿಗೆ ವಿಮಾನದ ಹೊತ್ತಾಗಿರುತ್ತದೆ. ನಮ್ಮ ಮಕ್ಕಳಿಗೆ ಯಾವುದು ಬೇಡವೋ ಅದನ್ನು ಇನ್ನೊಬ್ಬರ ಮಕ್ಕಳಿಗೆ ಕೊಡಬಾರದು.

ಹಸಿದವನಿಗೆ ಇಷ್ಟೆಲ್ಲ ಕೇಳುವ ಬಿಡುವು ಎಲ್ಲಿ ಎನ್ನುವವರಿಗೆ ನಮ್ಮ ಉತ್ತರ ಇಷ್ಟೇ. ಈ ಪ್ರಶ್ನೆಗಳು ಹೋಗುವವರನ್ನು ತಡೆಯಲು ಕಟ್ಟಿದ ಬೇಲಿಯಲ್ಲ. ಅವರನ್ನು ಕಾಯುವ ಬೇಲಿಯೂ ಇದೇ. ಅಲ್ಲಿನ ಉಪಾಧ್ಯಾಯನನ್ನು ಒಂದು ಮಾತಿಗೆ ಹೊರಗಟ್ಟಿದ ಶಾಲೆ ನಮ್ಮವಳನ್ನೂ ಒಂದು ದಿನ ಹಾಗೆಯೇ ಅಟ್ಟುತ್ತದೆ. ಬಣ್ಣ ನೋಡಿ ಸಂಬಳ ಕೊಡುವವನು ಕಾಯಿಲೆ ಬಿದ್ದಾಗಲೂ ಬಣ್ಣವನ್ನೇ ನೋಡುತ್ತಾನೆ. ಪರರಿಗೆ ಅನ್ಯಾಯವಾಗುವ ಕಡೆ ನಮಗೆ ಮಾತ್ರ ನ್ಯಾಯ ಸಿಕ್ಕೀತೆಂದು ನಂಬುವುದು ದೂರದ ಬೆಟ್ಟ ನುಣ್ಣಗೆ ಎಂದು ನಂಬಿದಂತೆ.

ಒಬ್ಬೊಬ್ಬರೇ ಕೇಳಿದರೆ ಸಾಲದು; ಸರ್ಕಾರವೂ ಸಂಘಗಳೂ ಕೈ ಹಾಕಬೇಕು. 2004ರಲ್ಲಿ ಕಾಮನ್‌ವೆಲ್ತ್ ದೇಶಗಳ ಶಿಕ್ಷಣ ಸಚಿವರು ಉಪಾಧ್ಯಾಯರ ನೇಮಕದ ಬಗ್ಗೆ ಒಂದು ಒಡಂಬಡಿಕೆಯನ್ನು ಒಪ್ಪಿದರು. ಹೋಗುವ ಉಪಾಧ್ಯಾಯನ ಹಕ್ಕು, ಉಪಾಧ್ಯಾಯರನ್ನು ಕಳೆದುಕೊಳ್ಳುವ ಬಡ ದೇಶದ ಮಕ್ಕಳ ಹಕ್ಕು ಎರಡನ್ನೂ ಅದು ಗುರುತಿಸಿತು. ಅದಕ್ಕೆ ಕಾನೂನಿನ ಬಲವಿಲ್ಲದ್ದರಿಂದ ಕಪಾಟಿನಲ್ಲಿ ಮಲಗಿದೆ. ನರ್ಸುಗಳ ವಿಷಯದಲ್ಲಿ ಮಾತ್ರ ಕೇಂದ್ರ ಸರ್ಕಾರ 2015ರಲ್ಲಿ ಒಂದು ಹೆಜ್ಜೆ ಇಟ್ಟಿತು. ವಲಸೆ ತಪಾಸಣೆಯ ದೇಶಗಳಿಗೆ ಅವರ ನೇಮಕ ಸರ್ಕಾರಿ ಸಂಸ್ಥೆಗಳ ಮೂಲಕವೇ ಆಗಬೇಕೆಂದು ಗೊತ್ತುಮಾಡಿತು. ಕೇರಳ 1977ರಷ್ಟು ಹಿಂದೆಯೇ ಪರದೇಶದ ಕೆಲಸಗಳಿಗಾಗಿ ತನ್ನದೇ ಸರ್ಕಾರಿ ಸಂಸ್ಥೆ ಕಟ್ಟಿಕೊಂಡಿತು. ನರ್ಸಿಗೆ ಸಲ್ಲುವ ರಕ್ಷಣೆ ಉಪಾಧ್ಯಾಯಿನಿಗೇಕೆ ಸಲ್ಲಬಾರದು?

ಆದಕಾರಣ ನಾವು ಒತ್ತಾಯಿಸುವುದು ಇವು. ಪರದೇಶಕ್ಕೆ ಹೋಗುವ ಉಪಾಧ್ಯಾಯರ ನೇಮಕವನ್ನು ಸರ್ಕಾರಿ ಸಂಸ್ಥೆಗಳ ಮೂಲಕ ನಡೆಸಬೇಕು. ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಕರಾರನ್ನು ಓದಿ ಕನ್ನಡದಲ್ಲಿ ವಿವರಿಸುವ ವ್ಯವಸ್ಥೆ ಆಗಬೇಕು. ಮುಷ್ಕರ ನಡೆದಿರುವ ಶಾಲೆಗಳಿಗೆ, ಪಾಸ್‌ಪೋರ್ಟು ಕಸಿಯುವ ಮಾಲೀಕರಿಗೆ ನಮ್ಮ ಉಪಾಧ್ಯಾಯರನ್ನು ಕಳಿಸುವ ಏಜೆಂಟರ ಪರವಾನಗಿ ರದ್ದಾಗಬೇಕು. ಎಲ್ಲಕ್ಕಿಂತ ಮೊದಲು, ರಾಜ್ಯದಲ್ಲಿ ಖಾಲಿ ಇರುವ ಹುದ್ದೆಗಳನ್ನು ಖಾಯಂ ಆಗಿ ತುಂಬಿ, ಅತಿಥಿ ಎಂಬ ಈ ಅವಮಾನವನ್ನು ಕೊನೆಗಾಣಿಸಬೇಕು. ಇಲ್ಲಿ ಬದುಕುವಷ್ಟು ಕೂಲಿ ಸಿಕ್ಕರೆ ಮಾತ್ರ ಪರದೇಶದ ಕೆಲಸಕ್ಕೆ ಹೂಂ ಎನ್ನುವುದೂ ಉಹೂಂ ಎನ್ನುವುದೂ ನಿಜವಾದ ಆಯ್ಕೆಯಾಗುತ್ತದೆ.

ಕಾರ್ಮಿಕ ಸಂಘಗಳಿಗೂ ಒಂದು ಮಾತು. ಕೆಲಸಗಾರರ ಮಕ್ಕಳು ಬಿ.ಎಡ್. ಮಾಡಿದ ಕೂಡಲೇ ಅವರು ನಮ್ಮವರಲ್ಲ ಎಂದು ಬಿಟ್ಟುಬಿಡಬೇಡಿ. ವಾರಕ್ಕೊಂದು ಸಂಜೆ ಸಂಘದ ಕಚೇರಿಯಲ್ಲಿ ಕೂತು ಅವರ ಕರಾರುಗಳನ್ನು ಓದಿ. ಸಂಬಳದ ಅಂಕಿಯನ್ನು ಮಾತ್ರ ಓದಬೇಡಿ. ರಜೆ, ಕಾಯಿಲೆ, ಹಿಂದಿರುಗುವ ಖರ್ಚು, ಬಿಟ್ಟುಬಂದರೆ ಕಟ್ಟಬೇಕಾದ ದಂಡ ಎಲ್ಲವನ್ನೂ ಓದಿ. ಪರದೇಶದಿಂದ ಹಿಂದಿರುಗಿದವರನ್ನು ಕರೆದು ಹೋಗುವವರ ಮುಂದೆ ಕೂರಿಸಿ, ಯಾವ ಶಾಲೆ ಹೇಗೆ ಎಂದು ಹೇಳಿಸಿ. ಈ ಕೆಲಸಕ್ಕೆ ಸರ್ಕಾರದ ಅಪ್ಪಣೆಗೆ ಕಾಯಬೇಕಾಗಿಲ್ಲ.

ಹೋಗುವ ನಮ್ಮ ತಂಗಿಯರಿಗೆ, ತಮ್ಮಂದಿರಿಗೆ ನಮ್ಮ ಹಾರೈಕೆ ಇದೆ. ಹೋಗಿ, ಕಲಿಸಿ, ದುಡಿಯಿರಿ, ಮನೆಗೆ ಹಣ ಕಳಿಸಿ. ಆದರೆ ಇನ್ನೊಬ್ಬನನ್ನು ಎಬ್ಬಿಸಿದ ಕುರ್ಚಿಯಲ್ಲಿ ಕೂರಬೇಡಿ, ಇನ್ನೊಂದು ಮಗುವಿನ ನಾಲಿಗೆ ಕಟ್ಟಬೇಡಿ, ಅರ್ಧ ಕೂಲಿಗೆ ಬಾಯಿ ಮುಚ್ಚಬೇಡಿ, ಹೊರಬರಲಾಗದ ಮನೆಯೊಳಗೆ ಕಾಲಿಡಬೇಡಿ. ನಿಮ್ಮ ಅಪ್ಪ ಅವ್ವಂದಿರು ಮಿಲ್ಲಿನಲ್ಲಿ, ಸಂತೆಯಲ್ಲಿ ಇದೇ ನೀತಿಯಿಂದ ತಲೆ ಎತ್ತಿ ಬಾಳಿದರು. ಆ ನೀತಿಯನ್ನು ಅಡವಿಟ್ಟು ಹೋಗಬೇಡಿ.